ವರ್ಷದ ಹಾಡು ಯಾರ ಗಂಟಲಿನದು?

ಡಿಸೆಂಬರ್ ತಿಂಗಳ ಕೊನೆಯ ಹತ್ತು ದಿನ ಬೆಂಗಳೂರಿನ ಎಫ್‌ಎಂ ರೇಡಿಯೋಗಳಿಗೆ ಲೆಕ್ಕ ಒಪ್ಪಿಸುವ ಕಾಲ. ಬೆಳಗಿನ ಆರ್‌ಜೆ, ಸಂಜೆಯ ಆರ್‌ಜೆ, ನಡುರಾತ್ರಿ ಪ್ರೇಮದ ಮಾತಾಡುವ ಆರ್‌ಜೆ, ಒಬ್ಬೊಬ್ಬರೂ ತಮ್ಮ 'ಈ ವರ್ಷದ ಮೆಚ್ಚಿನ ಹಾಡು'ಗಳನ್ನು ಸಾರುತ್ತಾರೆ. ನಮ್ಮ ಟಿ. ದಾಸರಹಳ್ಳಿಯ ಟೀ ಅಂಗಡಿಗಳಲ್ಲಿ, ಜಾಲಹಳ್ಳಿ ಕ್ರಾಸಿನ ಆಟೋಗಳಲ್ಲಿ, ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ಲೇತ್ ಮಿಶನ್ನಿನ ಕಿರುಚಾಟದ ಮೇಲೂ ಇದು ಕೇಳುತ್ತದೆ. ಸಾಹಿತ್ಯ ವಿಮರ್ಶೆ ಮಾಡುವ ನಾವು ಇದನ್ನು ಹಗುರ ಅಂತ ಬಿಟ್ಟುಬಿಟ್ಟಿದ್ದೇವೆ. ಐನೂರು ಪ್ರತಿ ಅಚ್ಚಾಗಿ ಮುನ್ನೂರು ಪ್ರತಿ ಕವಿಯ ಮಂಚದ ಕೆಳಗೇ ಉಳಿಯುವ ಸಂಕಲನಕ್ಕೆ ನಾಲ್ಕು ವಿಮರ್ಶೆ ಬರುತ್ತವೆ. (ನನ್ನ ಮಂಚದ ಕೆಳಗೂ ಇವೆ, ಬೇಕಾದವರು ಬಂದು ಒಯ್ಯಬಹುದು.) ದುಡಿಯುವ ಜನ ಹನ್ನೆರಡು ಗಂಟೆ ಕೇಳುವ ಹಾಡಿಗೆ ಒಂದು ವಿಮರ್ಶೆಯೂ ಇಲ್ಲ. ಈ ಮೆಚ್ಚಿನ ಪಟ್ಟಿಯನ್ನು ಒಂದು ಕೃತಿ ಅಂತಲೇ ಭಾವಿಸಿ ಓದಬೇಕು ಎಂಬುದು ನನ್ನ ನಿಲುವು.

ಮೊದಲಿಗೆ ಮೆಚ್ಚುವವರು ಯಾರು? ಖಾಸಗಿ ಎಫ್‌ಎಂನಲ್ಲಿ ಯಾವ ಗಂಟೆಗೆ ಯಾವ ಹಾಡು ಎಂಬುದನ್ನು ಸಾಮಾನ್ಯವಾಗಿ ಆರ್‌ಜೆ ತೀರ್ಮಾನಿಸುವುದಿಲ್ಲ. ಅದಕ್ಕೆ ಬೇರೆ ಅಧಿಕಾರಿ ಇರುತ್ತಾನೆ, ಅವನ ಕೈಯಲ್ಲೊಂದು ಕಂಪ್ಯೂಟರ್ ಪ್ರೋಗ್ರಾಂ ಇರುತ್ತದೆ. ಹೊಸ ಹಾಡು ದಿನಕ್ಕೆ ಎಷ್ಟು ಸಲ ಬರಬೇಕು, ಹಳೆಯದು ಎಷ್ಟು ಸಲ, ಎರಡು ನಿಧಾನದ ಹಾಡು ಹಿಂದೆಹಿಂದೆಯೇ ಬರಬಾರದು, ಇದೆಲ್ಲ ಅದರೊಳಗೆ ಮೊದಲೇ ಬರೆದಿರುತ್ತದೆ. ಆರ್‌ಜೆ ಸ್ಟುಡಿಯೋಗೆ ಬರುವ ಹೊತ್ತಿಗೆ ಪಟ್ಟಿ ಸಿದ್ಧ. ಅವನ ಪಾಲಿಗೆ ಉಳಿಯುವುದು ಎರಡು ಹಾಡುಗಳ ನಡುವಿನ ಮಾತು. ವರ್ಷವಿಡೀ ಆ ಪಟ್ಟಿಯನ್ನೇ ಓಡಿಸಿ, ಕೊನೆಗೆ ಅದರಲ್ಲೇ ಹತ್ತು ಹೆಕ್ಕಿ 'ನನ್ನ ಮನಸ್ಸಿಗೆ ತುಂಬಾ ಹತ್ತಿರವಾದದ್ದು' ಅಂತಾನೆ. ಚಪ್ಪರ ಹಾಕಿದ ಮೇಲೆ ಹೆಣ್ಣನ್ನು 'ಒಪ್ಪಿಗೆಯೇನವ್ವಾ?' ಅಂತ ಕೇಳೋ ಹಾಗಿದೆ ಇದು.

ಆರ್‌ಜೆಯನ್ನು ಬೈಯಲು ಈ ಮಾತು ಹೇಳುತ್ತಿಲ್ಲ. ಅವನೂ ಕೂಲಿಯವನೇ, ಗಂಟಲು ಮಾರಿ ಬದುಕುವವನು. ಅವನ ಮೆಚ್ಚುಗೆಯ ಹಿಂದೆ ಒಂದು ವ್ಯಾಪಾರ ಇದೆ, ಅದನ್ನು ನೋಡಬೇಕು. ರೇಡಿಯೋದಲ್ಲಿ ಹಾಡು ಹಾಕಿದರೆ ಅದರ ಹಕ್ಕುದಾರ ಕಂಪನಿಗೆ ದುಡ್ಡು ಕಟ್ಟಬೇಕು. ಈ ಬಾಡಿಗೆ ವಿಷಯದಲ್ಲಿ ಕಂಪನಿಗಳಿಗೂ ರೇಡಿಯೋದವರಿಗೂ ವರ್ಷಗಟ್ಟಲೆ ಜಗಳ ನಡೆದು, 2010ರ ಆಗಸ್ಟಿನಲ್ಲಿ ಕೃತಿಸ್ವಾಮ್ಯ ಮಂಡಳಿ ರೇಡಿಯೋದ ನಿವ್ವಳ ಜಾಹೀರಾತು ವರಮಾನದಲ್ಲಿ ನೂರಕ್ಕೆ 2ರಷ್ಟು ಕೊಡಬೇಕು ಅಂತ ತೀರ್ಮಾನಿಸಿತು. ಆ ದರ 2020ರವರೆಗೆ ನಡೆಯಿತು. ಇದರ ಅರ್ಥ ಇಷ್ಟೆ: ರೇಡಿಯೋದ ಲೆಕ್ಕದಲ್ಲಿ ಹಾಡು ಅಂದರೆ ಮಾಲೀಕನಿರುವ ಹಾಡು. 'ಬಿಡುಗಡೆ' ಅಂದರೆ ಒಬ್ಬ ಮಾಲೀಕ ಇಂಥ ದಿನ ಇಂಥ ಹಾಡು ನನ್ನದು ಅಂತ ಸಾರುವುದು. ಮೂಡಲಪಾಯದ ಭಾಗವತನ ಹಾಡಿಗೆ, ನಾಟಿ ಹಾಕುವ ಹೆಂಗಸರ ಹಾಡಿಗೆ, ಏಪ್ರಿಲ್ 14ರ ಮೆರವಣಿಗೆಯಲ್ಲಿ ಹುಡುಗರು ಕಟ್ಟಿ ಹಾಡುವ ಹಾಡಿಗೆ ಬಿಡುಗಡೆಯ ದಿನ ಇಲ್ಲ. ಆದ್ದರಿಂದ ಅವು ಯಾವ ವರ್ಷದ ಹಾಡೂ ಆಗುವುದಿಲ್ಲ.

ರೇಡಿಯೋದಲ್ಲಿ ಸಿನಿಮಾ ಹಾಡಿಗೂ ಒಂದು ಕಾಲದಲ್ಲಿ ಜಾಗ ಇರಲಿಲ್ಲ. 1952ರಲ್ಲಿ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಸಂಗೀತ ಅಂದರೆ ಕೀಳು ಅಭಿರುಚಿ. ಆಕಾಶವಾಣಿಯಿಂದ ಅದನ್ನು ಹೊರಗೆ ಹಾಕಿ ಶಾಸ್ತ್ರೀಯ ಸಂಗೀತ ತುಂಬಿಸಿದರು. ಜನ ಏನು ಮಾಡಿದರು? ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಿಡಿದರು. ಅದೇ 1952ರಲ್ಲಿ ಅಲ್ಲಿ ಅಮೀನ್ ಸಯಾನಿಯವರ 'ಬಿನಾಕಾ ಗೀತ್‌ಮಾಲಾ' ಶುರುವಾಯಿತು. ರೆಕಾರ್ಡುಗಳ ಮಾರಾಟ, ಕೇಳುಗರ ಸಂಘಗಳ ಮತ, ಇವನ್ನು ಲೆಕ್ಕ ಹಾಕಿ ವಾರದ ಪಟ್ಟಿ, ವರ್ಷದ ಕೊನೆಗೆ ದೊಡ್ಡ ಪಟ್ಟಿ. ನಮ್ಮ ದೇಶದಲ್ಲಿ ರೇಡಿಯೋ ನಿರೂಪಕ ವರ್ಷದ ಹಾಡು ಸಾರುವ ಪದ್ಧತಿ ಊರುಗಟ್ಟಿದ್ದು ಅಲ್ಲಿಂದ. ಟೂತ್‌ಪೇಸ್ಟ್ ಮಾರಲು ಹುಟ್ಟಿದ ಕಾರ್ಯಕ್ರಮವಾದರೂ ಅದರಲ್ಲಿ ಜನರ ಮತಕ್ಕೆ ಒಂದು ಮೂಲೆ ಇತ್ತು. ಕೊನೆಗೆ ಸರ್ಕಾರವೇ ಸೋತು 1957ರ ಅಕ್ಟೋಬರ್ 3ರಂದು ವಿವಿಧಭಾರತಿ ತೆಗೆಯಿತು. ಆಗ ಸಿನಿಮಾ ಹಾಡನ್ನು ಅಸ್ಪೃಶ್ಯದಂತೆ ಕಂಡರು ಅಂತ ಕೆಲವರು ಬರೆಯುತ್ತಾರೆ. ಆ ಪದವನ್ನು ಅಲ್ಲಿ ಬಳಸಬಾರದು. ಅಸ್ಪೃಶ್ಯತೆ ಹಾಡಿಗೆ ಆಗುವಂಥದ್ದಲ್ಲ, ಹಾಡುವ ಮನುಷ್ಯನಿಗೆ ಆಗುವಂಥದ್ದು. ಸಿನಿಮಾ ಹಾಡು ಐದು ವರ್ಷದಲ್ಲಿ ಒಳಗೆ ಬಂತು. ಒಳಗೆ ಬಂದ ಮೇಲೆ ಅದೇ ಬಾಗಿಲು ಕಾಯಲು ನಿಂತಿದೆ.

ಬೆಂಗಳೂರಿನ ಕತೆಗೆ ಬರೋಣ. 2001ರ ಜುಲೈ 3ರಂದು ಇಲ್ಲಿ ರೇಡಿಯೋ ಸಿಟಿ ಶುರುವಾದಾಗ ಅದು ದೇಶದ ಮೊದಲ ಖಾಸಗಿ ಎಫ್‌ಎಂ. ಶುರುವಿನ ವರ್ಷಗಳಲ್ಲಿ ಹಿಂದಿ, ಇಂಗ್ಲಿಷಿನದೇ ದರಬಾರು. ಆಮೇಲೆ ಕನ್ನಡಕ್ಕೆ ಮಾರುಕಟ್ಟೆ ಇದೆ ಎಂಬುದು ವ್ಯಾಪಾರಿಗಳಿಗೆ ಗೊತ್ತಾಯಿತು, ಕನ್ನಡ ಬಂತು. ಕನ್ನಡ ಬಂದದ್ದು ಒಳ್ಳೆಯದೇ. ಆದರೆ ಯಾವ ಕನ್ನಡ? ಆರ್‌ಜೆ ಬಾಯಲ್ಲಿ ಮಂಡ್ಯದ ಮಾತು, ಹುಬ್ಬಳ್ಳಿಯ ಮಾತು ಬಂದರೆ ಅದು ಫೋನ್ ಮಾಡಿ ಯಾರನ್ನೋ ಪೇಚಿಗೆ ಸಿಕ್ಕಿಸುವ ತಮಾಷೆಗೆ. ಪ್ರೀತಿ, ಸಾಲ, ಸಾವು ಇಂಥ ಗಂಭೀರ ಮಾತು ಬಂದ ತಕ್ಷಣ ನಾಲಗೆ ನೆಟ್ಟಗಾಗಿ ಪುಸ್ತಕದ ಕನ್ನಡವೋ ಕಾನ್ವೆಂಟ್ ಕನ್ನಡವೋ ಬರುತ್ತದೆ. ನಮ್ಮವ್ವನ ಮಾತು ನಗಿಸಲಿಕ್ಕೆ ಮಾತ್ರ ಲಾಯಕ್ಕು ಎಂದಾಯಿತಲ್ಲವೆ?

ಈ ತರಂಗಗಳು ಯಾರಪ್ಪನ ಮನೆಯ ಆಸ್ತಿಯೂ ಅಲ್ಲ. ಆಕಾಶದ ತರಂಗ ಸಾರ್ವಜನಿಕ ಸ್ವತ್ತು ಅಂತ ಸುಪ್ರೀಂ ಕೋರ್ಟು 1995ರ ಫೆಬ್ರವರಿ 9ರಂದೇ ತೀರ್ಪು ಕೊಟ್ಟಿದೆ. ಊರ ಗುಂಡುತೋಪು, ಕೆರೆ, ಗೋಮಾಳ ಇದ್ದ ಹಾಗೆ. ಗೋಮಾಳವನ್ನು ಯಾರು ಒತ್ತುವರಿ ಮಾಡುತ್ತಾರೆ ಅಂತ ಹಳ್ಳಿಯಲ್ಲಿ ಹುಟ್ಟಿದ ನಿಮಗೆ ಹೇಳಬೇಕಾಗಿಲ್ಲ. ಖಾಸಗಿ ಎಫ್‌ಎಂಗಳಿಗೆ ಸ್ವಂತ ಸುದ್ದಿ ಹೇಳುವ ಅವಕಾಶ ಸರ್ಕಾರ ಕೊಟ್ಟಿಲ್ಲ. 2019ರಿಂದ ಆಕಾಶವಾಣಿಯ ವಾರ್ತೆಯನ್ನು ಇದ್ದಂತೆ ಹಾಕಬಹುದು, ಅಷ್ಟೆ. ಟ್ರಾಫಿಕ್, ಹವಾಮಾನ, ಪರೀಕ್ಷೆ ಫಲಿತಾಂಶ ಇವು ಸುದ್ದಿಯಲ್ಲ ಎಂಬ ಲೆಕ್ಕದಲ್ಲಿ ಹೇಳಬಹುದು. 2016ರ ಏಪ್ರಿಲ್ 18, 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಪಿಎಫ್ ಹಣಕ್ಕೆ ಕೈ ಹಾಕಿದ ನಿಯಮದ ವಿರುದ್ಧ ರಸ್ತೆಗಿಳಿದರು. ದೊಡ್ಡ ಸಂಘಟನೆಗಳ ಕರೆಗೆ ಕಾಯಲಿಲ್ಲ, ಹೊಲಿಗೆ ಮಿಶನ್ ಬಿಟ್ಟು ಎದ್ದು ಬಂದರು. ನಮ್ಮ ತುಮಕೂರು ರಸ್ತೆಯೂ ನಿಂತಿತು. ಎರಡನೇ ದಿನ ಕೇಂದ್ರ ಸರ್ಕಾರ ಆ ನಿಯಮವನ್ನೇ ವಾಪಸ್ ತೆಗೆದುಕೊಂಡಿತು. ನನ್ನ ಚಿಕ್ಕಮ್ಮ ಆ ಗುಂಪಿನಲ್ಲಿದ್ದಳು. ಅವಳು ಕೆಲಸ ಮಾಡುವಾಗ ದಿನವೂ ಕೇಳುತ್ತಿದ್ದ ರೇಡಿಯೋ ಆ ದಿನ ಅವಳ ಬಗ್ಗೆ ಕಾನೂನು ಪ್ರಕಾರ ಹೇಳಬಹುದಾಗಿದ್ದುದು ಒಂದೇ ಮಾತು: ಟ್ರಾಫಿಕ್ ಜಾಮ್. ಆ ವರ್ಷದ ಕೊನೆಗೂ ಮೆಚ್ಚಿನ ಹಾಡುಗಳ ಪಟ್ಟಿ ಬಂತು.

ಇನ್ನು ಹಾಡುಗಳನ್ನೇ ನೋಡೋಣ. ಪಟ್ಟಿಯಲ್ಲಿ ನಮ್ಮ ದನಿ ಇಲ್ಲವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಇದೆ, ಹೇಗಿದೆ ಎಂಬುದೇ ಪ್ರಶ್ನೆ.

2018ರಲ್ಲಿ 'ರಾಂಬೋ 2' ಚಿತ್ರದ 'ಚುಟು ಚುಟು' ಹಾಡು ಬಂತು. ಅರ್ಜುನ್ ಜನ್ಯ ಸಂಗೀತ, ಶಿವು ಬೇರ್ಗಿ ಬರೆದದ್ದು, ರವೀಂದ್ರ ಸೊರಗಾವಿ ಮತ್ತು ಶಮಿತಾ ಮಲ್ನಾಡ್ ಹಾಡಿದ್ದು. ಉತ್ತರ ಕರ್ನಾಟಕದ ಮಾತು ನಗೆಪಾಟಲಾಗದೆ ಸರಸದ ಮಾತಾಗಿಯೇ ನಿಂತಿತು. ಸೊರಗಾವಿಯವರ ಗಂಟಲಲ್ಲಿ ಜಾತ್ರೆಯ ಧೂಳಿದೆ. ನಾನು ಮೆಚ್ಚಿದ ಹಾಡು ಅದು, ಯಾರು ಏನಾದರೂ ಅನ್ನಲಿ. ಅದೇ ವರ್ಷ 'ಟಗರು' ಚಿತ್ರದ ಶೀರ್ಷಿಕೆ ಹಾಡಿಗೆ ಚರಣ್ ರಾಜ್ ಕರೆಸಿದ್ದು ತಂಜಾವೂರು ಕಡೆಯ ಜನಪದ ಗಾಯಕ ಆಂಟನಿ ದಾಸನ್ ಅವರನ್ನು. 2025ರಲ್ಲಿ 'ಎಕ್ಕ' ಚಿತ್ರದ 'ಬ್ಯಾಂಗಲ್ ಬಂಗಾರಿ'ಗೂ ಅದೇ ಸಂಗೀತ ನಿರ್ದೇಶಕ, ಅದೇ ಗಂಟಲು. ನಮ್ಮ ಬೀದಿಯಲ್ಲಿ ಆ ವರ್ಷ ಗಣಪತಿ ಕೂರಿಸಿದವರೂ ಅದನ್ನೇ ಹಾಕಿದರು, ಮದುವೆ ಮನೆಯವರೂ ಅದನ್ನೇ ಹಾಕಿದರು. ತಮಿಳಿನವರನ್ನು ಯಾಕೆ ಕರೆಸಿದರು ಎಂದು ಕೇಳುವ ಜಾತಿಯವನು ನಾನಲ್ಲ. ತಮಟೆಗೂ ಪರೈಗೂ ಗಡಿ ಇಲ್ಲ. ನನ್ನ ಪ್ರಶ್ನೆ ಬೇರೆ. ಚಿಕ್ಕಬಳ್ಳಾಪುರದಲ್ಲಿ, ಕೋಲಾರದಲ್ಲಿ, ಚಾಮರಾಜನಗರದಲ್ಲಿ ಇಂಥ ಗಂಟಲುಗಳು ಕೇರಿಗೊಂದಿವೆ. ಅವುಗಳನ್ನು ಹುಡುಕಿಕೊಂಡು ಹೋಗುವ ದಾರಿ ಗಾಂಧಿನಗರಕ್ಕೆ ಯಾಕೆ ಗೊತ್ತಿಲ್ಲ?

2021ರ 'ಗರುಡ ಗಮನ ವೃಷಭ ವಾಹನ' ಚಿತ್ರದ 'ಸೋಜುಗಾದ ಸೂಜುಮಲ್ಲಿಗೆ' ನೋಡಿ. ಮಿಧುನ್ ಮುಕುಂದನ್ ಸಂಗೀತ, ಚೈತ್ರಾ ಜೆ. ಆಚಾರ್ ದನಿ. ಚೆನ್ನಾಗಿ ಹಾಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಇದು ಮಲೆಯ ಮಾದಪ್ಪನ ಒಕ್ಕಲು ತಲೆತಲಾಂತರ ಹಾಡಿಕೊಂಡು ಬಂದ ಹಾಡು. ರೇಡಿಯೋದಲ್ಲಿ ಹೆಸರು ಹೇಳುವಾಗ ಚಿತ್ರದ ಹೆಸರು, ಹಾಡಿದವರ ಹೆಸರು, ಸಂಗೀತದವರ ಹೆಸರು ಹೇಳಿ, ಬರೆದವರು ಯಾರು ಎಂಬಲ್ಲಿ 'ಜನಪದ' ಅಂತಾರೆ. ಜನಪದ ಎಂಬ ಹೆಸರಿನ ಮನುಷ್ಯ ಯಾವ ಊರಲ್ಲಿದ್ದಾನೆ? ಅವನಿಗೆ ಯಾರಾದರೂ ಮನಿಯಾರ್ಡರ್ ಕಳಿಸಿದ್ದಾರೆಯೆ? 1996ರಲ್ಲಿ ಟಿ.ಎಸ್. ನಾಗಾಭರಣರ 'ಜನುಮದ ಜೋಡಿ'ಯಲ್ಲಿ ಎಲ್.ಎನ್. ಶಾಸ್ತ್ರಿ ಹಾಡಿದ 'ಕೋಲುಮಂಡೆ'ಯ ಕತೆಯೂ ಇದೇ. ಹಾಡಿದವರಿಗೆ ರಾಜ್ಯ ಪ್ರಶಸ್ತಿ ಬಂತು, ಹಾಡನ್ನು ಅಲ್ಲಿಯವರೆಗೆ ಹೊತ್ತು ತಂದ ತಂಬೂರಿಯವರು ಬೆಟ್ಟದ ಕೆಳಗೇ ಉಳಿದರು.

ಇದಕ್ಕಿಂತ ಮುಖ್ಯವಾದದ್ದು ಆಯ್ಕೆಯ ರಾಜಕೀಯ. ಮಾದಪ್ಪನ ಕಾವ್ಯದಲ್ಲಿ ಮಲ್ಲಿಗೆ ಮಾತ್ರ ಇಲ್ಲ. ಶ್ರವಣ ದೊರೆಯನ್ನು ಕೊಲ್ಲುವ ಸಾಲು ಇದೆ. ದೇವಾನುದೇವತೆಗಳನ್ನೇ ಸೆರೆ ಹಿಡಿದ ಆ ದೊರೆಯನ್ನು ಮುಗಿಸಲು ಮಾದಪ್ಪ ಹೋಗುವುದು ಮಾದಿಗರ ಹರಳಯ್ಯನ ಹತ್ತಿರ, ಮೆಟ್ಟು ಹೊಲಿಸಿಕೊಳ್ಳಲು. ಆ ಮೆಟ್ಟೇ ದೊರೆಯ ಸಾವು. ಕಂಸಾಳೆಯವರು ರಾತ್ರಿ ಮೂರನೇ ಜಾವದಲ್ಲಿ ಈ ಕತೆಗೆ ಬಂದಾಗ ತೂಕಡಿಸುತ್ತಿದ್ದ ಮುದುಕರೂ ಎದ್ದು ಕೂರುತ್ತಾರೆ. ರೇಡಿಯೋಗೆ ಹೂವು ಬೇಕು, ಮೆಟ್ಟು ಬೇಡ.

2022ರ 'ಕಾಂತಾರ'ದಲ್ಲಿ ಇದು ಇನ್ನೂ ನಿಚ್ಚಳವಾಗಿದೆ. ತುಳುನಾಡಿನ ದೈವವನ್ನು ಮೈಮೇಲೆ ತಂದುಕೊಂಡು ನೇಮ ಕಟ್ಟುವವರು ನಲಿಕೆ, ಪರವ, ಪಂಬದ ಸಮುದಾಯದವರು, ಪರಿಶಿಷ್ಟ ಜಾತಿಯವರು. ದೈವದ ಹುಟ್ಟು, ನಡೆ, ಕೋಪ ಎಲ್ಲ ಇರುವುದು ತುಳು ಪಾಡ್ದನಗಳಲ್ಲಿ. ಗದ್ದೆಯಲ್ಲಿ ನೇಜಿ ನೆಡುತ್ತಾ ಹೆಂಗಸರು ಹಾಡುವುದೂ ಪಾಡ್ದನವನ್ನೇ. ಆದರೆ ಚಿತ್ರದ ತುದಿಯಲ್ಲಿ ಬಂದು ವರ್ಷದ ಹಾಡು ಅನ್ನಿಸಿಕೊಂಡ 'ವರಾಹ ರೂಪಂ' ಸಂಸ್ಕೃತ ಸಮಾಸಗಳ, ಕರ್ನಾಟಕ ಸಂಗೀತದ ರಾಗಗಳ ಹಾಡು. ಪಂಜುರ್ಲಿ ಎಂಬ ಕಾಡುಹಂದಿಯ ದೈವ ಹಾಡಿನೊಳಗೆ ಹೋಗುವ ಹೊತ್ತಿಗೆ ವರಾಹನಾಗಿಬಿಟ್ಟಿದೆ. ಅಜನೀಶ್ ಲೋಕನಾಥ್ ಕಸುಬು ಬಲ್ಲವರು, ಹಾಡು ಮೈ ನವಿರೇಳಿಸುತ್ತದೆ, ನನಗೂ ಎದ್ದಿತು. ಹಾಗೆ ಏಳುವಾಗಲೇ ಕೇಳಿಕೊಳ್ಳಬೇಕು: ನೇಮ ಕಟ್ಟುವವನ ಮೈ ಬೇಕು, ಬಣ್ಣ ಬೇಕು, ಕೂಗು ಬೇಕು, ಹಾಡಿನ ಹೊತ್ತಿಗೆ ಮಾತ್ರ ಅವನ ಭಾಷೆ ಯಾಕೆ ಬೇಡವಾಯಿತು? ಈ ಹಾಡಿನ ಮೇಲೆ ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ, ತಮ್ಮ 2017ರ 'ನವರಸಂ' ಹಾಡನ್ನು ಎತ್ತಿದ್ದಾರೆ ಅಂತ ಕೋರ್ಟಿಗೆ ಹೋಯಿತು. ಕೆಲವು ದಿನ ಹಾಡಿಗೆ ತಡೆಯೂ ಬಂತು. ರಾಗದ ಹಕ್ಕಿಗೆ ಕೋರ್ಟಿದೆ, ವಕೀಲರಿದ್ದಾರೆ, ಕಕ್ಷಿದಾರರಿದ್ದಾರೆ. ಪಾಡ್ದನದ ಪರವಾಗಿ ವಕಾಲತ್ತು ಹಾಕುವವರು ಯಾರು?

ತಮಟೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದರಲ್ಲಿ ನಮ್ಮೊಳಗೇ ಎರಡು ಮಾತಿದೆ. ಕುಣಿಗಲ್ ಕಡೆಯ ನಮ್ಮೂರಲ್ಲಿ ನನ್ನ ತಾತ ತಮಟೆ ಬಡಿಯುತ್ತಿದ್ದ. ಸಾವಿಗೆ ಬಡಿಯಬೇಕು, ಹಬ್ಬಕ್ಕೆ ಬಡಿಯಬೇಕು, ಸಾರು ಹಾಕಲು ಬಡಿಯಬೇಕು, ಎಲ್ಲ ಬಿಟ್ಟಿ. ಮಳೆಗಾಲದಲ್ಲಿ ಚರ್ಮ ಮೆತ್ತಗಾದರೆ ಹುಲ್ಲು ಉರಿ ಹಾಕಿ ಕಾಯಿಸಿ, ಬೆರಳಲ್ಲಿ ಮೀಟಿ ನೋಡಿ, ಮತ್ತೆ ಕಾಯಿಸಿ ಬಡಿಯುತ್ತಿದ್ದ. ಕೈ ಬೇನೆ ಅಂತ ಒಂದು ಸಲ ಹೋಗದಿದ್ದಕ್ಕೆ ತಿಂಗಳು ಪೂರ್ತಿ ಯಾರ ಹೊಲದಲ್ಲೂ ಕೂಲಿ ಕೊಡಲಿಲ್ಲವಂತೆ. ದಲಿತ ಸಂಘರ್ಷ ಸಮಿತಿಯವರು ಊರಿಗೆ ಬಂದು ತಮಟೆ ಬಿಡಿ, ಸತ್ತ ದನ ಹೊರೋದು ಬಿಡಿ ಅಂದಾಗ ನಮ್ಮಪ್ಪ ಅದನ್ನು ಅಟ್ಟದ ಮೇಲೆ ಹಾಕಿದ. ಅಪ್ಪ ಮಾಡಿದ್ದು ಸರಿ. ಆಮೇಲೆ ಅದೇ ಚಳವಳಿಯ ಮೆರವಣಿಗೆಯ ಮುಂದೆ ತಮಟೆ ಬಂತು, ಅದೂ ಸರಿಯೇ. ಬಿಟ್ಟಿಗೆ ಬಡಿಯುವ ಕೈಗೂ ಸಿಟ್ಟಿಗೆ ಬಡಿಯುವ ಕೈಗೂ ವ್ಯತ್ಯಾಸ ಇದೆ. ಆದರೆ ಇವತ್ತು ಹೀರೋ ಲಾಂಗ್ ಹಿಡಿದು ಬರುವಾಗ ಹಿಂದೆ ಕೇಳುವ ತಮಟೆಯಲ್ಲಿ ಎಷ್ಟೋ ಸಲ ಕೈಯೇ ಇರುವುದಿಲ್ಲ. ಯಾರೋ ಯಾವತ್ತೋ ಬಡಿದದ್ದನ್ನು ಕಂಪ್ಯೂಟರಿಗೆ ತುಂಬಿಕೊಂಡು ಗುಂಡಿ ಒತ್ತುತ್ತಾರೆ. ಹುಲ್ಲಿನ ಉರಿ ಬೇಡ, ಬಡಿಯುವವನಿಗೆ ಊಟ ಬೇಡ, ಬಸ್ ಚಾರ್ಜು ಬೇಡ.

ಆಕಾಶವಾಣಿಯಾದರೂ ಮೇಲೇ ಅಂತ ಹೇಳುವ ಹಾಗಿಲ್ಲ. ಮೈಸೂರಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ರೇಡಿಯೋ ಶುರುಮಾಡಿದ ಕತೆ ಎಲ್ಲರಿಗೂ ಗೊತ್ತು, ಹೆಮ್ಮೆಯ ವಿಷಯ. ಅದೇ ಪರಂಪರೆಯ ಬೆಂಗಳೂರು ಆಕಾಶವಾಣಿ ಶಾಸ್ತ್ರೀಯ ಸಂಗೀತಕ್ಕಾಗಿಯೇ 'ಅಮೃತವರ್ಷಿಣಿ' ಎಂಬ ವಾಹಿನಿ ಮಾಡಿತು. ಜಾನಪದಕ್ಕೆ ಸಿಕ್ಕಿದ್ದು ವಾಹಿನಿಯಲ್ಲ, ಕೆಲವು ನಿಮಿಷ. ಚಿಕ್ಕಬಳ್ಳಾಪುರದ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿ ಭವನಕ್ಕೆ ತಮಟೆ ಹೋದ ವರ್ಷ ಅದು. ಆ ವರ್ಷದ ಮೆಚ್ಚಿನ ನಾದ ಯಾವುದು ಅಂತ ಕೇಳಿದ್ದರೆ ಉತ್ತರ ಸಿದ್ಧವಾಗಿತ್ತು. ನಾನು ಹಿಡಿದ ಯಾವ ಸ್ಟೇಷನ್ನಿನ ಪಟ್ಟಿಯಲ್ಲೂ ಅದು ಕೇಳಲಿಲ್ಲ. ಪಟ್ಟಿ ಮಾಡಿದವರು ಜಾತಿವಾದಿಗಳು ಅಂತ ನಾನು ಹೇಳುತ್ತಿಲ್ಲ. ಅವರ ಕಂಪ್ಯೂಟರಿನಲ್ಲಿ ಅದಕ್ಕೆ ಕೋಣೆಯೇ ಇಲ್ಲ.

ಸಿದ್ದಲಿಂಗಯ್ಯನವರ ಉದಾಹರಣೆ ಕೊಡುತ್ತೇನೆ. ರೇಡಿಯೋ ಅವರನ್ನು ಬಲ್ಲದು. 1993ರ 'ಬಾ ನಲ್ಲೆ ಮಧುಚಂದ್ರಕೆ' ಚಿತ್ರಕ್ಕೆ ಅವರು ಬರೆದ ಬೆಟ್ಟ, ಬೆಳದಿಂಗಳ ಪ್ರೇಮಗೀತೆ ಇವತ್ತಿಗೂ ರಾತ್ರಿ ಹತ್ತರ ಮೇಲೆ ಬರುತ್ತದೆ. ಚೆಂದದ ಹಾಡು, ದಲಿತ ಕವಿ ಪ್ರೇಮಗೀತೆ ಬರೆಯಬಾರದು ಎಂಬ ಕಾನೂನೇನಿಲ್ಲ. ಆದರೆ 1975ರ 'ಹೊಲೆಮಾದಿಗರ ಹಾಡು' ಸಂಕಲನದಿಂದ ಹೊರಟು, ಯಾವ ಕಂಪನಿಯ ಹಂಗೂ ಇಲ್ಲದೆ ಕೇರಿಯಿಂದ ಕೇರಿಗೆ, ಹಾಸ್ಟೆಲಿನಿಂದ ಹಾಸ್ಟೆಲಿಗೆ ನಡೆದುಹೋದ ಅವರ ಹಾಡುಗಳು? ಓದು ಬರದ ನನ್ನಜ್ಜಿಗೆ ಅವು ಬರುತ್ತಿದ್ದವು. ರೆಕಾರ್ಡು ಮಾರಾಟದ ಲೆಕ್ಕ ಇಲ್ಲ, ಜಾಹೀರಾತು ಇಲ್ಲ. 2021ರ ಜೂನ್ 11ರಂದು ಅವರು ಕೋವಿಡ್‌ನಿಂದ ತೀರಿಕೊಂಡಾಗ ನಾನು ರೇಡಿಯೋ ಹಾಕಿಕೊಂಡು ಕೂತೆ. ನನ್ನ ಕಿವಿಗೆ ಬಿದ್ದದ್ದು ಬೆಳದಿಂಗಳೇ.

ಹಾಗಾದರೆ ಏನು ಮಾಡಬೇಕು? ಎಫ್‌ಎಂಗಳ ಮುಂದೆ ಧರಣಿ ಕೂರಬಹುದು, ಕೂತರೆ ಅದೂ ಟ್ರಾಫಿಕ್ ಸುದ್ದಿಯಾಗುತ್ತದೆ. ಬೇರೆ ದಾರಿಯ ಯೋಚನೆ ಇದೇ ಬೆಂಗಳೂರಲ್ಲಿ ಮೊದಲೇ ನಡೆದಿದೆ. 1996ರಲ್ಲಿ ಇಲ್ಲಿ ಸೇರಿದವರು ಸಮುದಾಯ ರೇಡಿಯೋ ಬೇಕು ಅಂತ ಘೋಷ ಹೊರಡಿಸಿದರು. ಲೈಸೆನ್ಸ್ ಸಿಗದ ಕಾಲದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ 'ನಮ್ಮ ಧ್ವನಿ'ಯನ್ನು ಕೇಬಲ್ ತಂತಿಯ ಮೇಲೆ ಮನೆಮನೆಗೆ ಕಳಿಸಿದರು. ಸರ್ಕಾರ 2006ರಲ್ಲಿ ಸಂಘಸಂಸ್ಥೆಗಳಿಗೂ ಬಾಗಿಲು ತೆರೆದ ಮೇಲೆ, 2007ರಲ್ಲಿ ಬೆಂಗಳೂರಿನ ಒಂದು ಕಾಲೇಜಿನಿಂದ ಶುರುವಾದ ರೇಡಿಯೋ ಆಕ್ಟಿವ್ 90.4ರಲ್ಲಿ ಚಿಂದಿ ಆಯುವವರು, ಲೈಂಗಿಕ ಅಲ್ಪಸಂಖ್ಯಾತರು ತಾವೇ ಮೈಕಿನ ಮುಂದೆ ಕೂತರು. ಇವುಗಳ ಗೋಪುರ ಗಿಡ್ಡ, ದನಿ ಹತ್ತಾರು ಕಿಲೋಮೀಟರು ದಾಟುವುದಿಲ್ಲ. ಟಿ. ದಾಸರಹಳ್ಳಿಯ ನನ್ನ ಕೋಣೆಗೆ ಕೇಳಿಸುವುದಿಲ್ಲ. ಪೀಣ್ಯದಂಥ ಇಷ್ಟು ದೊಡ್ಡ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವವರದೇ ಒಂದು ರೇಡಿಯೋ ಯಾಕಿರಬಾರದು ಅಂತ ಇಲ್ಲಿನ ಕಾರ್ಮಿಕ ಸಂಘಗಳವರು ಯೋಚಿಸಬೇಕು. ಲೈಸೆನ್ಸಿನ ಕಾಗದಪತ್ರ ನೋಡಿಕೊಳ್ಳಲು ಕಾನೂನು ಓದುವ ಇಬ್ಬರು ಹುಡುಗಿಯರು ಒಪ್ಪಿದ್ದಾರೆ.

ಅಲ್ಲಿಯವರೆಗೆ ಈ ಡಿಸೆಂಬರಿನಲ್ಲಿ ಒಂದು ಕೆಲಸ ಮಾಡೋಣ. ಹಳ್ಳಿಗಳಲ್ಲಿರುವ ಮೇಷ್ಟ್ರುಗಳೆ, ಹಾಸ್ಟೆಲಿನ ಗೆಳೆಯರೆ, ನಿಮ್ಮೂರಲ್ಲಿ ಈ ವರ್ಷ ನೀವು ಕೇಳಿದ ಹಾಡಿನಲ್ಲಿ ಮೆಚ್ಚಿದ್ದು ಮೂರು ಬರೆದು ಈ ಪತ್ರಿಕೆಗೆ ಕಳಿಸಿ. ಸಿನಿಮಾದ್ದಾದರೂ ಪರವಾಗಿಲ್ಲ, ನಿಜವಾಗಿ ಮೆಚ್ಚಿರಬೇಕು. ಕೇರಿಯ ಹಾಡಾದರೆ ಮೊಬೈಲಿನಲ್ಲಿ ರೆಕಾರ್ಡು ಮಾಡಿ, ಆದರೆ ಮೊದಲು ಹಾಡುವವರನ್ನು ಕೇಳಿ, ಬೇಡ ಅಂದರೆ ಬಿಡಿ. ಯಾವ ಕೆಲಸ ಮಾಡುತ್ತಾ ಹಾಡುವ ಹಾಡು, ಯಾವ ಊರು, ಎಷ್ಟು ಹೊತ್ತು ಹಾಡಿದರು ಎಂಬುದನ್ನೂ ಬರೆಯಿರಿ. ಕಟ್ಟಿದವರು ಯಾರು ಎಂಬ ಜಾಗದಲ್ಲಿ ಜನಪದ ಅಂತ ಬರೆಯಬೇಡಿ. ಯಾರಿಂದ ಕಲಿತಿರಿ ಅಂತ ಕೇಳಿ, ಅತ್ತೆಯಿಂದ ಅಂದರೆ ಆ ಅತ್ತೆಯ ಹೆಸರು ಬರೆಯಿರಿ. ಸಂಕ್ರಾಂತಿಯ ಒಳಗೆ ತಲುಪಿದರೆ ಮುಂದಿನ ಸಂಚಿಕೆಯಲ್ಲಿ ಎಲ್ಲರದನ್ನೂ ಹೆಸರು ಸಮೇತ ಹಾಕುತ್ತೇವೆ.